ಬಲಗಡೆಯ ಹಿಡಿ

೧೯೮೪ರ ಬೇಸಿಗೆ. ಮುಳಬಾಗಿಲು ಬಸ್ ನಿಲ್ದಾಣದಲ್ಲಿ ನಂಗಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಯಾರೋ ಅಕ್ಕ, ತಮ್ಮ ಕೂತಿದ್ದರು.

“ಮಿಲಿಟರಿಲಿದ್ದಾಗ ಅಷ್ಟು ಸಲ ವಿಮಾನದಿಂದ ಹಾರಿದ್ಯಲ್ಲೋ ಕೋದಂಡ, ಸಾಲ್ದಾ?”

“ಅದನ್ನ ಬಿಟ್ಟು ಎಷ್ಟೋ ವರ್ಷ ಆಯ್ತಕ್ಕ. ಈಗ ಬೆಂಗಳೂರಿನ ಕ್ಲಬ್ಬಿನೋರು ಕರೀತವ್ರೆ. ಪ್ಯಾರಾಚೂಟು ಮಾತ್ರ ನಾವೇ ತಗೋಬೇಕು.”

“ಆಗಿಂದು ಇತ್ತಲ್ಲ, ಅಂಥದ್ದೇ ತಗೋ.”

“ಅದರ ಹಗ್ಗ ವಿಮಾನಕ್ಕೆ ಕಟ್ಟಿರ್ತಿತ್ತು. ನೆಗೆದ್ರೆ ತಾನಾಗೇ ಬಿಚ್ಕೊಳ್ತಿತ್ತು. ಇದರಲ್ಲಿ ನಾವೇ ಹಿಡಿ ಎಳೀಬೇಕು.”

“ಯಾವ ಕೈಲಿ?”

“ಬಲಗೈಲಿ.”

ಆಕೆ ಅವನ ಬಲಗೈ ಕಡೆ ನೋಡಿದಳು.

“ರೇಷ್ಮೆಗೂಡು ಬೇಯಿಸೋ ನೀರಲ್ಲಿ ಬೆಂದ ಕೈ ಕಣೋ ಅದು. ಮುದ್ದೆ ಮುರಿಯಕ್ಕೂ ಬೆರಳು ಬಗ್ಗಲ್ಲ. ಹಿಡಿ ಎಡಗಡೆ ಇರೋದು ಸಿಗಲ್ವಾ?”

“ಸಿಗತ್ತೆ. ಕೇಳಿದ್ರೆ ಯಾಕೆ ಅಂತಾರೆ. ಕೈ ವಿಷಯ ಗೊತ್ತಾದ್ರೆ ಹಾರಕ್ಕೇ ಬಿಡಲ್ಲ.”

“ಅದಕ್ಕೆ?”

“ಬಲಗಡೆದೇ ತಗೋತೀನಿ. ಗವಸು ಹಾಕ್ಕೊಂಡ್ರೆ ಯಾರಿಗೂ ಕಾಣಲ್ಲ.”

ಆಕೆ ತನ್ನ ಬಟ್ಟೆಚೀಲದ ಬಾಯಿಗೆ ಜಾರುಗಂಟು ಹಾಕಿದ್ದ ದಾರದ ತುದಿಯನ್ನು ಅವನ ಮುಂದೆ ಹಿಡಿದಳು.

“ಎಳಿ ನೋಡಣ. ಆ ಕೈಲೇ.”

ಅವನು ಎಳೆದ. ದಾರ ಬೆರಳ ಸಂದಿಯಿಂದ ಜಾರಿತು. ಹಲ್ಲು ಕಚ್ಚಿಕೊಂಡು ಮತ್ತೆ ಎಳೆದ. ಮತ್ತೆ ಜಾರಿತು.

ಅಷ್ಟರಲ್ಲಿ ಬೆಂಗಳೂರು ಬಸ್ಸು ಬಂತು.

“ಅಲ್ಲಿ ಮೇಲೆ ಬೇರೆ ಥರ ಅಕ್ಕ, ಕೈ ತಾನಾಗೇ ಹೋಗತ್ತೆ.”

ಎಡಗೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು, ಬಲ ಮೊಣಕೈಯನ್ನು ಬಾಗಿಲ ಕಂಬಿಗೆ ಸಿಕ್ಕಿಸಿ ಹತ್ತಿದ.

ಬಸ್ಸು ಮರೆಯಾದ ಮೇಲೆ ಆಕೆ ಎದ್ದು ತಾಯಲೂರು ಬಸ್ಸಿನ ಕಡೆ ನಡೆದಳು. ಚೀಲದ ಗಂಟು ಹಾಗೇ ಇತ್ತು.