ಗಾಜಿನ ಮುಚ್ಚಳ

"ಹಲೋ? ಹಲೋ, ಯಾರು ಮಾತಾಡ್ತಿರೋದು?"

……

"ಹಾಂ, ಮೊಚಿಜುಕಿ ಮನೆಯೇ. ನೀವ್ಯಾರು? ಈ ನಂಬರು ನಂಗೆ ಗೊತ್ತಿಲ್ಲ. ಪೇಪರಿನವರಾದ್ರೆ ಈಗಲೇ ಹೇಳ್ಬಿಡಿ, ಇಡ್ತೀನಿ. ಬೆಳಗ್ಗೆಯಿಂದ ನಿಮ್ಮಂಥವರದ್ದೇ ಕಾಟ..."

……

"ಕನಾಯೆ? ನೀನಾ? ಅಯ್ಯೋ, ಗಂಟಲಿಗೇನಾಯ್ತಮ್ಮಾ? ಗುರುತೇ ಸಿಗಲಿಲ್ಲ. ಇದು ಯಾರ ಫೋನು?"

……

"ಪಕ್ಕದ ಮನೆಯಾಕೆದಾ? ಹಾಂ, ಒಳ್ಳೇದು ಮಾಡಿದೆ. ನಿನ್ನದು ಖಾಲಿ ಇರಲಿ. ವಾಯುನೆಲೆಯವರು ಯಾವಾಗ ಫೋನ್ ಮಾಡ್ತಾರೋ ಏನೋ. ಮಾಡಿದ್ರಾ? ಏನಾದ್ರೂ ಹೇಳಿದ್ರಾ?"

……

"ಹುಡುಕ್ತಿದೀವಿ ಅಂದ್ರಾ. ಅಷ್ಟೇನಾ?... ಸರಿ. ಹುಡುಕ್ತಿದಾರಲ್ಲ."

ಇಸಾವೊ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕೈಗಂಟಿದ ಪ್ಲಾಸ್ಟಿಕ್ ಪುಡಿಯನ್ನು ಪ್ಯಾಂಟಿಗೆ ಒರೆಸಿದ. ಹಿಂದಿನ ಸಂಜೆ ಅವನ ಮಗ ತತ್ಸುರೊ ಹಾರಿಸುತ್ತಿದ್ದ ಯುದ್ಧವಿಮಾನ ಉತ್ತರದ ಸಮುದ್ರದ ಮೇಲೆ ರೇಡಾರಿನಿಂದ ಮಾಯವಾಗಿತ್ತು. ಸೊಸೆಯೂ ಮೊಮ್ಮಗಳೂ ಅಲ್ಲೇ ನೆಲೆಯ ಪಕ್ಕದ ಮನೆಯಲ್ಲಿದ್ದರು. ಇಸಾವೊ ದಕ್ಷಿಣಕ್ಕೆ, ದೂರದ ಶಿಜುವೊಕಾದಲ್ಲಿದ್ದ.

"ನೀನು ಏನಾದ್ರೂ ತಿಂದ್ಯಾ?"

……

"ಹೊಟ್ಟೆಗೇನು ಅಂತ ಕೇಳ್ತಿದೀನಿ, ಬೈಬೇಡ. ಒಂದು ಬಟ್ಟಲು ಮಿಸೊ ಸಾರಾದ್ರೂ ಕುಡಿ. ನಾನು ಕಳಿಸಿದ ಕಿತ್ತಳೆ ಬಂತಲ್ವಾ? ಫುಕಿಗೆ ಬಿಡಿಸಿಕೊಡು, ನೀನೂ ಎರಡು ತೊಳೆ ಬಾಯಿಗೆ ಹಾಕ್ಕೊ. ಎಲ್ಲಿ ಅವಳು?"

……

"ಪಕ್ಕದ ಮನೇಲಿ ಆಡ್ತಿದಾಳಾ. ಆಡಲಿ. ಅವಳಿಗೆ ಹೇಳಿದ್ಯಾ?... ಬೇಡ, ಈಗಲೇ ಬೇಡ."

……

"ನಾನಾ? ಬ್ಯಾಗು ಬಾಗಿಲ ಹತ್ರಾನೇ ಇದೆ ಕಣಮ್ಮಾ. ಬೆಳಗ್ಗೆ ಸ್ಟೇಷನ್ನಿಗೆ ಹೋಗಿ ವಾಪಸ್ ಬಂದೆ. ಅತ್ತ ಕಡೆ ಹಿಮ ಬಿದ್ದು ಹಳಿ ಮುಚ್ಚಿಹೋಗಿದೆಯಂತೆ, ತೆಗೆಯೋವರೆಗೂ ಗಾಡಿ ಇಲ್ಲ ಅಂದ್ರು. ಇಲ್ಲಿ ನೋಡಿದ್ರೆ ಕಣ್ಣು ಬಿಡೋಕಾಗದಷ್ಟು ಬಿಸಿಲು. ನಮ್ಮ ಕ್ಲಬ್ಬಿನ ಸುಗಿಯಾಮ ಕಾರು ತೆಗೀತೀನಿ ಅಂತ ಕುಣೀತಿದ್ದ. ಹಿಮದಲ್ಲಿ ಅವನ ಕಾರು ಹತ್ತಿದ್ರೆ ನೀನು ಇಬ್ಬರಿಗೆ ಅಳಬೇಕಾಗು..."

……

"ಬಾಯಿ ತಪ್ಪಿ ಬಂತು. ಬಿಡು. ಅಳಬೇಡ, ಬಿಟ್ಬಿಡು."

……

"ಏನು ಮಾಡ್ತಿದೀನಿ ಅಂದ್ರೆ? ಏನಿಲ್ಲ, ಕೂತಿದೀನಿ... ಹಾಂ, ಮೇಜಿನ ಮುಂದೇನೇ. ಇನ್ನೆಲ್ಲಿ ಕೂರಲಿ? ಕೈಗೊಂದು ಕೆಲಸ ಬೇಕು. ಸುಗಿಯಾಮ ಒಂದು ವಿಮಾನದ ಮಾಡೆಲ್ ಹಾಳು ಮಾಡಿ ತಂದಿಟ್ಟು ಹೋಗಿದಾನೆ, ಅದನ್ನ ಉಜ್ತಿದೀನಿ. ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳಕ್ಕೆ ಸೂಪರ್ ಗ್ಲೂ ಹಾಕಿದಾನೆ ಪುಣ್ಯಾತ್ಮ. ಗಾಜೆಲ್ಲಾ ಪೊರೆ ಬಂದ ಕಣ್ಣಿನ ಹಾಗೆ ಬೆಳ್ಳಗಾಗಿದೆ. ಕೂದಲು ಬೆಳ್ಳಗಾಗೋವರೆಗೂ ಕ್ಲಬ್ಬಿಗೆ ಬಂದ, ಇಷ್ಟು ಕಲೀಲಿಲ್ಲ."

ಅವನು ಮಾತು ಬೆಳೆಸುತ್ತಿದ್ದುದು ಬೇಕೆಂದೇ. ಮೇಜಿನ ಮೇಲೆ ನಯವಾದ ಮರಳು ಕಾಗದದ ಚೂರುಗಳು, ಬಣ್ಣದ ಬಾಟಲಿಗಳು, ಚಿಮಟ. ಗೋಡೆಯ ಮೇಲೆ ಟೀವಿ ದನಿಯಿಲ್ಲದೆ ನಡೆಯುತ್ತಿತ್ತು. ಅವನು ಅದಕ್ಕೆ ಬೆನ್ನು ಕೊಟ್ಟು ಕೂತಿದ್ದ. ಪಕ್ಕದ ಕೋಣೆಯಲ್ಲಿ ತೀರಿಕೊಂಡ ಹೆಂಡತಿಯ ಪಟದ ಮುಂದೆ ಬೆಳಗ್ಗೆ ಇಟ್ಟ ಅನ್ನ ಒಣಗಿತ್ತು. ದಿನಾ ಅನ್ನ ಇಟ್ಟು ಅವಳಿಗೆ ಏನಾದರೊಂದು ಹೇಳುತ್ತಿದ್ದವನು ಇವತ್ತು ಏನೂ ಹೇಳದೆ ಎದ್ದು ಬಂದಿದ್ದ.

……

"ಟೀವಿನಾ? ಹಾಂ... ಹಾಕಿದೆ."

……

"ನೋಡಿದೆ. ನೋಡಿದೆ ಕಣಮ್ಮಾ. ಹಡಗಿನ ಕ್ರೇನಲ್ಲಿ ಎತ್ತಿದ್ರಲ್ಲ, ಅದು ತಾನೆ? ಒಂದು ಚೂರು ತಗಡು. ಅದರಿಂದ ಏನು ಗೊತ್ತಾಗುತ್ತೆ?"

……

"ನಂಗೆ ಹೇಗೆ ಗೊತ್ತಾಗಬೇಕು? ನಾನೇನು ಅದರಲ್ಲಿ ಹಾರಿದವನಾ?... ಕಟ್ಟಿದೀನಿ, ಸರಿ. ಮೊಳದುದ್ದ ಪ್ಲಾಸ್ಟಿಕ್ಕು ಕಟ್ಟಿದೀನಿ."

……

"ಹಾಗಂದ್ನಾ? ಅಪ್ಪನಿಗೆ ನನ್ನ ವಿಮಾನ ನನಗಿಂತ ಚೆನ್ನಾಗಿ ಗೊತ್ತು ಅಂತ? ಅದು ಅವನು ಕುಡಿದಾಗ ಆಡೋ ಮಾತು. ಕುಡೀದೇ ಇದ್ದಾಗ ಏನಂತಾನೆ ಗೊತ್ತಾ? 'ಏನಪ್ಪಾ ಇಷ್ಟು ಮಸಿ ಬಳಿದಿದೀಯ, ನಮ್ಮ ಮೆಕ್ಯಾನಿಕ್ಕು ನೋಡಿದ್ರೆ ಕೈ ಮುರೀತಾನೆ' ಅಂತಾನೆ. ನಾನು ಅವನಿಗೆ, ನಿಮ್ಮ ಮೆಕ್ಯಾನಿಕ್ಕು ಒರೆಸದೇ ಬಿಟ್ಟಿರೋದನ್ನೇ ನಾನು ಬಳಿದಿರೋದು, ನಿನ್ನ ಫೋಟೋ ನೀನೇ ನೋಡ್ಕೊ ಅಂದೆ."

……

"ಹಾಂ, ಕೇಳಿಸ್ತು. ಕೇಳಿಸ್ತು, ಮತ್ತೆ ಮತ್ತೆ ಕೇಳಬೇಡ. ಯಾವ ಭಾಗ ಅಂದ್ರೆ... ಬಾಲದ ಕಡೆದು ಇರಬೇಕು. ಹಾಂ, ಬಾಲದ್ದೇ. ರೆಕ್ಕೆ ಮುಗಿದು ಬಾಲ ಶುರುವಾಗುತ್ತಲ್ಲ, ಆ ಜಾಗ. ನೀರಿಗೆ ಬಿದ್ರೆ ಅದೇ ಮೊದಲು ಮುರಿಯೋದು. ಅದಕ್ಕೂ ಅವನು ಕೂರೋ ಜಾಗಕ್ಕೂ ಏನೂ ಸಂಬಂಧ ಇಲ್ಲ. ಅಷ್ಟು ಹೊತ್ತಿಗೆ ಅವನು ಆಸನ ಸಿಡಿಸಿಕೊಂಡು ಹೊರಗೆ ಹೋಗಿರ್ತಾನೆ. ಪ್ಯಾರಾಚೂಟ್ ಇದೆ, ಗಾಳಿ ತುಂಬೋ ದೋಣಿ ಇದೆ, ಮೈಗೆ ಚಳಿ ತಾಗದ ಉಡುಪಿದೆ. ಅಲ್ವಾ?"

ಸುಳ್ಳು ಸಲೀಸಾಗಿ ಬಂತು. ಮಧ್ಯಾಹ್ನದ ವಾರ್ತೆಯಲ್ಲಿ ಆ ಚೂರು ನೀರಿನಿಂದ ಮೇಲೆದ್ದಿತ್ತು. ಟಾರ್ಪಾಲು ಮುಚ್ಚುವ ಮೊದಲು ಒಂದು ಗಳಿಗೆ ಅದು ಕ್ರೇನಿನ ಹಗ್ಗದಲ್ಲಿ ತಿರುಗಿತ್ತು. ಇಸಾವೊಗೆ ಆ ಗಳಿಗೆ ಸಾಕಾಗಿತ್ತು. ಆ ಮೇಲೆ ಎದ್ದು ಟೀವಿಯ ದನಿ ಅಡಗಿಸಿ, ಕುರ್ಚಿ ತಿರುಗಿಸಿಕೊಂಡು, ಸುಗಿಯಾಮನ ಹಾಳು ಮುಚ್ಚಳವನ್ನು ಉಜ್ಜಲು ಕೂತಿದ್ದ.

……

"ಕೆಂಪು ತ್ರಿಕೋನಾನಾ? ಎಲ್ಲಿ?... ಆ ಚೂರಿನ ಮೇಲಾ? ಇರಬಹುದಮ್ಮಾ. ಅಂಥ ಗುರುತು ವಿಮಾನದ ಮೈತುಂಬಾ ಇರ್ತವೆ. ಇಲ್ಲಿ ಕಾಲಿಡಬೇಡಿ, ಇಲ್ಲಿ ಎಣ್ಣೆ ತುಂಬಿ, ಇಲ್ಲಿ ಕೈ ಹಾಕಬೇಡಿ. ಹಾಗೆಲ್ಲಾ."

……

"ಏನು ಹಿಡ್ಕೊಂಡಿದೀಯಾ ಕೈಲಿ?"

……

"ಕಪಾಟಿಂದ ಅದನ್ನ ಯಾಕಮ್ಮಾ ತೆಗೆದೆ?"

ಆ ಪುಟ್ಟ ವಿಮಾನವನ್ನು ಅವನು ಫುಕಿಯ ಐದನೇ ಹುಟ್ಟುಹಬ್ಬಕ್ಕೆ ಕಟ್ಟಿಕೊಟ್ಟಿದ್ದ. ಆ ಜಾತಿಯ ಯಾವುದೋ ಒಂದು ವಿಮಾನವಲ್ಲ, ತತ್ಸುರೊ ಹಾರಿಸುವ ಅದೇ ವಿಮಾನ, ಬಾಲದ ಮೇಲೆ ಅದೇ ಸಂಖ್ಯೆ. ಮಗ ಕಳಿಸಿದ ಫೋಟೋಗಳನ್ನು ಭೂತಗನ್ನಡಿಯಲ್ಲಿ ನೋಡಿ, ಬಣ್ಣ ಮಾಸಿದ ಕಡೆ ಮಾಸಿಸಿ, ತಗಡು ಬದಲಿಸಿದ ಕಡೆ ಬೇರೆ ಬಣ್ಣ ಹಚ್ಚಿದ್ದ. ಪೆಟ್ಟಿಗೆಯಲ್ಲಿ ಬಂದ ಅಂಟುಚಿತ್ರದ ತ್ರಿಕೋನಗಳ ಅಂಚು ಮಸುಕಾಗಿತ್ತು. ಅವನ್ನು ಎಸೆದು ಕೂದಲೆಳೆಯಂಥ ಕುಂಚದಲ್ಲಿ ತಾನೇ ಬರೆದಿದ್ದ. ಬೇರೆಯವರು ಮುಚ್ಚಳವನ್ನು ಅಂಟಿಸಿಬಿಡುತ್ತಾರೆ. ಮಗು ಆಡಲೆಂದು ಇವನು ಅದಕ್ಕೆ ಹಿತ್ತಾಳೆ ತಂತಿಯ ಕೀಲು ಕೂರಿಸಿದ್ದ. ಒಳಗೊಂದು ಉಗುರಿನಷ್ಟು ಬೊಂಬೆ, ಅದರ ಶಿರಸ್ತ್ರಾಣಕ್ಕೆ ತತ್ಸುರೊನದೇ ಬಣ್ಣ. ಹೊಸ ವರ್ಷದ ದಿನ ಸಾಕೆ ಕುಡಿದು ಅದರ ಒಂದೊಂದು ಗುರುತಿನ ಅರ್ಥವನ್ನೂ ಸೊಸೆಗೆ ಬಿಡಿಸಿ ಹೇಳಿದ್ದ. ಅವಳು ಆಕಳಿಸುತ್ತ ಕೇಳಿದ್ದಳು. ಈಗ ನೋಡಿದರೆ ಒಂದನ್ನೂ ಮರೆತಿರಲಿಲ್ಲ.

……

"ಹೌದು. ಎರಡೇ. ಅವನು ಕೂರೋ ಜಾಗದ ಎಡಕ್ಕೊಂದು, ಬಲಕ್ಕೊಂದು."

……

"ಬಾಲದ ಮೇಲೆ ಇಲ್ಲ. ನಿಜ. ಎಷ್ಟು ಸಲ ತಿರುಗಿಸಿ ನೋಡಿದ್ರೂ ಇಲ್ಲ. ಇದ್ದಿದ್ರೆ ಬರೀತಿದ್ದೆ."

……

"ಹೌದು, ನಾನೇ ಹೇಳಿದ್ದೆ. ಇದರೊಳಗೆ ಸಿಡಿಯೋ ಆಸನ ಇದೆ, ದೂರ ನಿಲ್ಲಿ ಅಂತ ಅದರ ಅರ್ಥ."

……

"ಸುಳ್ಳು ಹೇಳಲಿಲ್ಲಮ್ಮಾ... ನೀರು ಸುರೀತಿತ್ತು, ನಂಗೆ ಸರಿಯಾಗಿ ಕಾಣಿಸಲಿಲ್ಲ. ವಯಸ್ಸಾಯ್ತು."

……

"ಏನು? ಖಾಲಿ ಇದೆಯಾ? ಬೊಂಬೆ ಎಲ್ಲಿ ಹೋಯ್ತು?... ಫುಕಿ ತೆಗೆದಿರ್ತಾಳೆ, ಅಷ್ಟೇ. ಕನಾಯೆ, ಕೇಳಿಲ್ಲಿ. ಅದನ್ನ ಶಕುನ ಅಂತ ಹಿಡ್ಕೋಬೇಡ. ಆಸನ ಖಾಲಿ ಇದೆ, ಅವರು ಹೊರಗೆ ಬಂದಿದಾರೆ ಅಂತೆಲ್ಲಾ ಹೇಳಬೇಡ. ಅದು ಬೊಂಬೆ. ಕಿತ್ತರೆ ಬರೋ ಹಾಗೆ ಮಾಡಿದೀನಿ, ಕಿತ್ತಿದಾಳೆ, ಬಂದಿದೆ."

ಒರಟಾಗಿ ಹೇಳಿದೆನೆಂದು ಗೊತ್ತಾಯಿತು. ಹಾಗೆಂದು ಅವಳು ಬೊಂಬೆಯನ್ನು ನಂಬಿಕೊಂಡು ರಾತ್ರಿ ಕಳೆಯುವುದನ್ನು ಅವನಿಂದ ನೆನೆಯಲಾಗಲಿಲ್ಲ. ಬಾಲ ಎಂದು ನಂಬಿಸಲು ಹೊರಟವನೂ ತಾನೇ.

……

"ಆ ವಾರ್ತೇನ ಮೊಬೈಲಲ್ಲಿ ನಿಲ್ಲಿಸಿ ದೊಡ್ಡದು ಮಾಡಿದ್ಯಾ? ಬೇಡಮ್ಮಾ. ಅದನ್ನ ನೋಡಬೇಡ."

……

"ಹಾಂ. ತ್ರಿಕೋನದ ಮೇಲೆ ಒಂದು ಪಟ್ಟಿ, ಮುಚ್ಚಳದ ಅಂಚಿನ ಹಾಗೆ... ಬಾಗಿದೆ. ಹಾಂ. ಅದರಲ್ಲಿ ಗಾಜು ಚೂರು ಚೂರಾಗಿ ಸಿಕ್ಕೊಂಡಿದೆ."

……

"ನಿನ್ನ ಕೈಲಿರೋದರ ಮುಚ್ಚಳ ತೆರೆದಿಟ್ಟಿದ್ರೆ ಹಾಗೆ ಕಾಣಲ್ಲ, ನಿಜ. ಆದ್ರೆ... ಬೇಡ. ಕನಾಯೆ, ಮುಚ್ಚಬೇಡ. ಆ ಮುಚ್ಚಳ ಹಾಗೇ ಇರಲಿ, ಕೆಳಗಿಡು ಅದನ್ನ. ಕನಾಯೆ!"

ಟಿಕ್ ಎಂದು ಸಣ್ಣ ಸದ್ದು ಬಂತು. ಮುಚ್ಚಳ ತನ್ನ ಜಾಗದಲ್ಲಿ ಕೂತರೆ ಆ ಸದ್ದೇ ಬರಬೇಕೆಂದು ಅವನು ಹಿತ್ತಾಳೆ ತಂತಿಯನ್ನು ಬಹಳ ದಿನ ಅರದಲ್ಲಿ ತಿಕ್ಕಿದ್ದ. ಕ್ಲಬ್ಬಿನಲ್ಲಿ ಎಲ್ಲರ ಕಿವಿಗೂ ಹಿಡಿದು ಕೇಳಿಸಿದ್ದ. ಸುಗಿಯಾಮ ಹೊಟ್ಟೆಕಿಚ್ಚಿನಿಂದ ಎದ್ದು ಟೀ ಕುಡಿಯಲು ಹೋಗಿದ್ದ.

……

"ಹಾಂ."

……

"ಹೌದು. ಆ ಚೂರಲ್ಲೂ ಹಾಗೇ ಇದೆ, ಮುಚ್ಚಿದೆ."

……

"ಮೊದಲು ಮುಚ್ಚಳ ಹಾರುತ್ತೆ. ಪೂರ್ತಿ, ಪಟ್ಟಿ ಸಮೇತ. ಆಮೇಲೆ ಆಸನ."

……

"ಇಲ್ಲ. ಆಗಲ್ಲ. ಇದರಲ್ಲಿ ಮುಚ್ಚಳ ಇದ್ದರೆ ಆಸನ ಹೋಗಲ್ಲ."

……

"ಇಲ್ಲಮ್ಮಾ. ಬೇರೆ ದಾರಿ ಇಲ್ಲ."

……

"ಮಧ್ಯಾಹ್ನದಿಂದ. ಮೊದಲ ಸಲ ತೋರಿಸಿದಾಗಲೇ ಗೊತ್ತಾಯ್ತು."

……

"ಬೈ. ಬೈದುಬಿಡು... ನೆಲೆಯವರು ಹೇಳಲಿ ಅಂತ ಇದ್ದೆ. ಟೋಪಿ ತೆಗೆದು ಬಾಗಿಲಲ್ಲಿ ನಿಂತು ಹೇಳೋದಕ್ಕೆ ಅವರ ಹತ್ರ ಜನ ಇದಾರೆ. ನನ್ನ ಬಾಯಿಂದಾನೇ ಯಾಕೆ ಬರಬೇಕಿತ್ತು? ಅವನು ನನ್ನ ಮಗ."

……

"ಹಲೋ? ಇದೀಯಾ?"

……

"ನೋವಾ?... ಗೊತ್ತಿಲ್ಲ ಕನಾಯೆ. ಅದು ನಂಗೆ ಗೊತ್ತಿಲ್ಲ. ಪ್ಲಾಸ್ಟಿಕ್ಕಲ್ಲಿ ಅದು ತಿಳಿಯಲ್ಲ."

ಇಸಾವೊ ಬಲಗೈಯಲ್ಲಿ ಮರಳು ಕಾಗದ ಹಿಡಿದು ಬಿಳುಪಾದ ಮುಚ್ಚಳವನ್ನು ಮತ್ತೆ ಉಜ್ಜತೊಡಗಿದ್ದ. ಉಜ್ಜುತ್ತಿರುವುದು ಅವನ ಗಮನಕ್ಕೆ ಬಂದಿರಲಿಲ್ಲ. ಆಮೇಲೆ ಫೋನಿನ ಆಚೆ ಬಾಗಿಲು ಸರಿದ ಸದ್ದು, ಒಂದು ಚಿಕ್ಕ ದನಿ.

……

"ಯಾರು ಬಂದ್ರು? ಫುಕಿನಾ?"

……

"ಅವಳ ಕೈಯಲ್ಲೇ ಇತ್ತಾ ಬೊಂಬೆ? ಪಕ್ಕದ ಮನೆಗೂ ಒಯ್ದಿದ್ಲಾ?... ಹಾಂ. ಕೂರಿಸ್ತೀನಿ ಅಂದ್ರೆ ಕೂರಿಸಲಿ ಬಿಡು. ಕೊಡು ಅವಳಿಗೆ. ನಿನ್ನ ಮುಖ ಒರೆಸ್ಕೋ ಮೊದಲು."

……

"ಇಲ್ಲ, ಅವಳಿಗೆ ಫೋನ್ ಕೊಡಬೇಡ. ತಾತ ಆಮೇಲೆ ಮಾತಾಡ್ತಾನೆ ಅನ್ನು. ನನ್ನ ಕೈಲಾಗಲ್ಲ."

ಟಿಕ್. ಮತ್ತೆ ಟಿಕ್. ಮಗು ಮುಚ್ಚಳ ತೆರೆದು ಮುಚ್ಚುತ್ತಿತ್ತು.

……

"ಏನು?... ಅಂಟಾ? ಯಾವುದಕ್ಕೆ?"

……

"ಹಾಂ... ಹಾಂ, ತಿಳೀತು. ಮಗು ಮುಚ್ಚಳ ತೆಗೆದು ತೆಗೆದು ನೋಡಬಾರದು. ಪ್ರತಿ ಸಲ ಅವನನ್ನ ಆಚೆ ಎಳೆದು ನಿನ್ನ ಮುಂದೆ ಹಿಡೀಬಾರದು. ಸರಿ. ಅಂಟಿಸಿಬಿಡೋಣ. ನಾನು ಬರ್ತೀನಲ್ಲ, ನಾನೇ ಅಂಟಿಸ್ತೀನಿ."

……

"ಈಗಲೇನಾ? ಮನೇಲಿ ಏನಿದೆ?... ಚಪ್ಪಲಿಗೆ ಹಾಕೋ ಆ ಚಿಕ್ಕ ಸೂಪರ್ ಗ್ಲೂ ಟ್ಯೂಬಾ? ಬೇಡ ಬೇಡ, ಅದನ್ನ ಮುಟ್ಟಬೇಡ. ಶಾಲೆ ಮಕ್ಕಳ ಬಿಳಿ ಗೋಂದು ಇರುತ್ತೆ ನೋಡು, ಫುಕಿ ಚೀಲದಲ್ಲಿ. ಅದು ಪರವಾಗಿಲ್ಲ, ಒಣಗಿದ್ರೆ ಕಾಣಲ್ಲ. ಕಡ್ಡೀಲಿ ಒಂದೇ ಒಂದು ಚುಕ್ಕಿ... ಕನಾಯೆ, ಏನದು ಸದ್ದು?"

……

"ನಿನ್ನ ಫೋನ್ ಹೊಡ್ಕೊಳ್ತಿದೆಯಾ? ಅವರೇ ಇರಬೇಕು. ತಗೋ."

……

"ತಗೊಳಮ್ಮಾ. ಏನು ಹೇಳಿದ್ರೂ ಹಾಂ ಅನ್ನು, ಮಗೂನ ಪಕ್ಕದಲ್ಲಿ ಕೂರಿಸ್ಕೋ. ನಾನು ಸುಗಿಯಾಮನ ಕಾರಲ್ಲೇ ಹೊರಡ್ತೀನಿ... ಕನಾಯೆ, ಕೇಳಿಸ್ತಿದೆಯಾ? ಆ ಟ್ಯೂಬು ಮಾತ್ರ ಬೇಡ. ಮುಚ್ಚಿದ ಮೇಲೆ ಅದರ ಆವಿ ಒಳಗೇ ನಿಲ್ಲುತ್ತೆ. ಗಾಜು ಬೆಳ್ಳಗಾಗುತ್ತೆ. ಆಮೇಲೆ ಎಷ್ಟು ಉಜ್ಜಿದ್ರೂ ಒಳಗೆ ಕೂತಿರೋನ ಮುಖ ಕಾಣಿಸ..."

……

"ಹಲೋ?"

……

"ಹಲೋ?"

ಲೈನು ಕಡಿದುಹೋಗಿತ್ತು.