ಇಪ್ಪತ್ತನಾಲ್ಕು ಪದಗಳ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ ಬಗ್ಗೆ

ನಾನು ಗಂಗಾದೇವಿ ಗಂಡ ಸಿದ್ದರಾಮೇಶ, ವಯಸ್ಸು 34 ವರ್ಷ, ಉದ್ಯೋಗ: ಅಂಗನವಾಡಿ ಕಾರ್ಯಕರ್ತೆ, ಸಾ: ಗೊರೇಬಾಳ, ತಾ: ಸಿಂಧನೂರು, ಜಿ: ರಾಯಚೂರು. ದಿನಾಂಕ 23-10-2025ರಂದು ಬೆಳಿಗ್ಗೆ 11-20 ಗಂಟೆಗೆ ಠಾಣೆಗೆ ಹಾಜರಾಗಿ ಈ ಮೂಲಕ ಎರಡನೆಯ ಸಲ ತಿಳಿಸುವುದೇನೆಂದರೆ, ದಿನಾಂಕ 10-10-2025ರಂದು ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಮಾತು ಸುಳ್ಳಾಗಿದೆ. ಬೇಕೆಂದು ಹೇಳಿದ ಸುಳ್ಳಲ್ಲ. ಆದರೆ ಆ ಮಾತಿನ ಮೇಲೆ ನನ್ನ ಒಡಹುಟ್ಟಿದ ತಮ್ಮ ದುರುಗೇಶ ಲಿಂಗಸುಗೂರಿನ ಜೈಲಿನಲ್ಲಿದ್ದಾನೆ.

ನನ್ನ ಗಂಡ ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಮೆಷಿನ್ ರಿಪೇರಿ ಮಾಡುತ್ತಾರೆ. ಆರು ವರ್ಷ ಉಳಿಸಿದ ಹಣದಿಂದ ಮೊಬೈಲಿನಲ್ಲಿ ಬಿಟ್‌ಕಾಯಿನ್ ಕೊಂಡು ಇಟ್ಟಿದ್ದರು. ದುರುಗೇಶನಿಗೆ 26 ವರ್ಷ, ಮಸ್ಕಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಮೊಬೈಲಿನಲ್ಲಿದ್ದರೆ ಯಾರಾದರೂ ಕದಿಯುತ್ತಾರೆ ಎಂದು ಅವನೇ ಹೇಳಿದ್ದರಿಂದ, ನನ್ನ ಗಂಡ ಕಂಪನಿಯಿಂದಲೇ ನೇರವಾಗಿ ಒಂದು ಹಾರ್ಡ್‌ವೇರ್ ವಾಲೆಟ್ ತರಿಸಿದರು. ಅದು ಪೆನ್‌ಡ್ರೈವ್‌ನಷ್ಟಿರುವ, ಬಿಟ್‌ಕಾಯಿನ್ ಭದ್ರವಾಗಿ ಇಡುವ ಸಾಧನ.

ದಿನಾಂಕ 02-02-2025 ರವಿವಾರ ಬೆಳಿಗ್ಗೆ 10-30ಕ್ಕೆ ದುರುಗೇಶ ಬೈಕಿನಲ್ಲಿ ನಮ್ಮ ಮನೆಗೆ ಬಂದನು. ವಾಲೆಟ್ಟಿನ ಡಬ್ಬಿಯ ಸೀಲು ಒಡೆದಿಲ್ಲವೆಂದು ನೋಡಿದನು. ಪಿನ್ ನಂಬರನ್ನು ನನ್ನ ಗಂಡನಿಂದಲೇ ಒತ್ತಿಸಿದನು. ನಂತರ ವಾಲೆಟ್ಟಿನಲ್ಲಿ ಒಂದೊಂದಾಗಿ 24 ಇಂಗ್ಲಿಷ್ ಪದಗಳು ಬರುವುದಿತ್ತು. ಆಗ ಅವನು ಮಾವಾ, ಅವನ್ನ ನೀವಷ್ಟ ಬರಕೋರಿ, ಅವು ಗೊತ್ತಾದವರು ಎಲ್ಲಿಂದರ ರೊಕ್ಕ ತಗೋಬಹುದು, ನನ್ನ ಕಣ್ಣಿಗೂ ಬೀಳಬಾರದು ಅಂತಾ ಹೇಳಿ ಎದ್ದು ಹೋಗಿ, ಬಾಗಿಲಿನಿಂದ 15 ಅಡಿ ದೂರ ನೀರಿನ ಟ್ಯಾಂಕಿನ ಹತ್ತಿರ ನಿಂತನು. ನನ್ನ ಗಂಡ ನಕ್ಕು, ಒಂದು ಹಾಳೆಯ ಮೇಲೆ ಪದಗಳನ್ನು ಬರೆದುಕೊಂಡರು. ಬಳಿಕ ಪದಗಳು ಸರಿ ಇವೆಯೇ ಎಂದು ನೋಡಲು ಸ್ವಲ್ಪ ಹಣ ಹಾಕಿ, ವಾಲೆಟ್ಟನ್ನು ಹೊಸದರಂತೆ ಅಳಿಸಿ, ಹಾಳೆ ನೋಡಿ ಅವೇ ಪದಗಳನ್ನು ಒತ್ತಿದಾಗ ಹಣ ತಿರುಗಿ ಕಾಣಿಸಿತು. ಉಳಿದದ್ದನ್ನು ಆಮೇಲೆ ಹಾಕಿದರು. ಇದಕ್ಕೆಲ್ಲ 50 ನಿಮಿಷ ಹಿಡಿಯಿತು. ಮುಂದೆ ಏನು ಮಾಡಬೇಕೆಂಬುದನ್ನು ದುರುಗೇಶ ಹೊರಗಿನಿಂದಲೇ ಕೂಗಿ ಹೇಳಿದನು. ನಾನು ಅವನಿಗೆ ಚಹಾ ಕೊಟ್ಟದ್ದೂ ಬಿಸಿಲಿನಲ್ಲಿಯೇ. ಇದನ್ನು ಮೊದಲ ಹೇಳಿಕೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಬಿಡದೆ ಬರೆದುಕೊಳ್ಳಬೇಕು.

ಹೋಗುವಾಗ ಅವನು ನನಗೆ, ಅಕ್ಕಾ, ವಾಲೆಟ್ ಕಳದ್ರೂ ಚಿಂತಿಲ್ಲ, ಹಾಳಿ ಇದ್ರ ರೊಕ್ಕ ಇರ್ತೈತಿ, ಫೋಟೋ ತಗೀಬ್ಯಾಡ, ಯಾರಿಗೂ ತೋರಿಸಬ್ಯಾಡ, ಹುಳಾ ನೀರು ಹತ್ತಲಾರದಂಗ ಜ್ವಾಕಿ ಮಾಡು ಅಂತಾ ಹೇಳಿದನು. ನಾನು ಹಾಳೆಯನ್ನು ಗೋಡೆಯ ಕಪಾಟಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಇಟ್ಟೆನು.

ದಿನಾಂಕ 16-06-2025ರಂದು ನೋಡಿದಾಗ ಕಪಾಟಿಗೆ ಗೆದ್ದಲು ಹತ್ತಿತ್ತು. ಹಾಳೆಯ ಒಂದು ಮೂಲೆಯನ್ನು ತಿಂದಿತ್ತು. ಪದಗಳು ಉಳಿದಿದ್ದವು. ನಾನು ಅಂಗನವಾಡಿಗೆ ಬರುವ ಪ್ರತಿಯೊಬ್ಬ ತಾಯಿಗೂ ತಾಯಿ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಿಕೊಳ್ಳಲು ಹೇಳುವವಳು. ಮಾಡಿಸದಿದ್ದವರಿಗೆ ಬೈಯುವವಳು. ದಿನಾಂಕ 18-06-2025ರಂದು ಮಧ್ಯಾಹ್ನ 3 ಗಂಟೆಗೆ ಸಿಂಧನೂರಿನ ಒಂದು ಝೆರಾಕ್ಸ್ ಅಂಗಡಿಗೆ ಹೋಗಿ ಹಾಳೆಯನ್ನು ಕೊಟ್ಟೆನು. ಅಲ್ಲಿ ಕೆಲಸ ಮಾಡುವ ಯಂಕೋಬ ಎಂಬಾತನು, ಟೀಚರ್, ಹಾಳಿ ಮೆತ್ತಗಾಗೇತ್ರಿ, ಮಷೀನ್ನ್ಯಾಗ ಹಾಕಿದ್ರ ಸಿಕ್ಕೊಂಡು ಹರೀತೈತಿ, ಫೋಟೋ ತಗದು ಹೊಸಾ ಪ್ರಿಂಟ್ ಹಾಕಿ ಕೊಡ್ಲೇನ್ರಿ ಅಂತಾ ಕೇಳಿದ್ದಕ್ಕೆ, ಅಕ್ಷರ ಎದ್ದು ಕಾಣಂಗ ಮಾಡಪಾ ಅಂತಾ ನಾನೇ ಹೇಳಿದೆನು. ಫೋಟೋ ತೆಗೆಯಬಾರದು ಎಂದರೆ ನಮ್ಮ ಫೋನಿನಲ್ಲಿ ತೆಗೆಯಬಾರದು ಎಂದು ತಿಳಿದಿದ್ದೆ. ಅಂಗಡಿಯಲ್ಲಿ ತೆಗೆಯುವುದು ನನ್ನ ಪ್ರಕಾರ ಝೆರಾಕ್ಸ್. 12 ನಿಮಿಷದಲ್ಲಿ ಕೆಲಸ ಮುಗಿಯಿತು. ಮನೆಗೆ ಬಂದು ಹಳೆಯ ಹಾಳೆಯನ್ನು ಒಲೆಗೆ ಹಾಕಿದೆನು. ಒಳ್ಳೆಯ ಕೆಲಸ ಮಾಡಿದೆನೆಂದು ಆ ದಿನ ನನಗೆ ಬಹಳ ಸಮಾಧಾನವಾಗಿತ್ತು. ಗಂಡನಿಗೆ ಹೇಳುವಂಥದ್ದು ಎನಿಸದೆ ಹೇಳಲಿಲ್ಲ.

ದಿನಾಂಕ 09-10-2025ರಂದು ಸಂಜೆ 7-40ಕ್ಕೆ ನನ್ನ ಗಂಡ ವಾಲೆಟ್ ತೆರೆದು ನೋಡಿದಾಗ ಏನೂ ಇರಲಿಲ್ಲ. ಸುಮಾರು 19 ಲಕ್ಷ ರೂಪಾಯಿ ಬೆಲೆಯ ಬಿಟ್‌ಕಾಯಿನ್ ಎರಡು ದಿನದ ಹಿಂದೆಯೇ ಯಾರಿಗೋ ಹೋಗಿತ್ತು. ಹಾಳಿ ಐತಿಲ್ಲ, ಯಾರಿಗರ ತೋರಿಸೀ ಏನು ಅಂತಾ ಕೇಳಿದರು. ನಾನು ಕಪಾಟಿನಲ್ಲಿ ಕೈಯಾಡಿಸಿ, ಐತ್ರಿ, ಯಾರಿಗೂ ತೋರಿಸಿಲ್ಲ ಅಂತಾ ಹೇಳಿದೆನು. ಲ್ಯಾಮಿನೇಷನ್ ಮಾಡಿಸಿದ್ದು ತೋರಿಸಿದಂತೆ ಎಂದು ನನ್ನ ತಲೆಗೆ ಬರಲೇ ಇಲ್ಲ. ಹಾಗಾದರೆ ಇದು ನಿನ್ನ ತಮ್ಮನ ಕೆಲಸ ಎಂದರು. ಮರುದಿನ ಠಾಣೆಯಲ್ಲಿಯೂ, ಇದು ನಾನು, ಗಂಡ, ತಮ್ಮ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಹಾಳೆಯನ್ನು ಯಾರಿಗೂ ತೋರಿಸಿಲ್ಲ ಎಂದೇ ಹೇಳಿ ಸಹಿ ಮಾಡಿದೆನು. ಅವ ಅಂಥವ ಅಲ್ರಿ ಅಂತಾ ಒಮ್ಮೆ ಅಂದೆ. ಗಂಡ ನನ್ನ ಕಡೆ ನೋಡಿದರು. ಎರಡನೆಯ ಸಲ ಅನ್ನಲಿಲ್ಲ.

ದಿನಾಂಕ 11-10-2025ರಂದು ಸಂಜೆ 4 ಗಂಟೆಗೆ ಪೊಲೀಸರು ದುರುಗೇಶನನ್ನು ಗಿರಾಕಿಗಳ ಎದುರಿಗೇ ಅಂಗಡಿಯಿಂದ ಕರೆದೊಯ್ದರು. ದಿನಾಂಕ 14-10-2025ರಂದು ದುರುಗೇಶನಿಗೆ ನಿಶ್ಚಯವಾಗಿದ್ದ ಸಂತೆಕಲ್ಲೂರಿನ ಹೆಣ್ಣಿನ ಕಡೆಯವರು ನಿಶ್ಚಯದ ಸೀರೆಯನ್ನು ತಂದು ನನ್ನ ತಾಯಿ ಯಮನಮ್ಮಳ ಮನೆಯ ಕಟ್ಟೆಯ ಮೇಲೆ ಇಟ್ಟು ಹೋದರು.

ದಿನಾಂಕ 17-10-2025ರಂದು ನಜಮಾ ಎಂಬ ತಾಯಿ ಅಂಗನವಾಡಿಗೆ ಹೊಸ ಪ್ರಿಂಟಿನ ತಾಯಿ ಕಾರ್ಡ್ ತಂದಳು. ಮೊದಲಿಂದು ಕಳದಿತ್ರಿ ಟೀಚರ್, ಹ್ವಾದ ವರ್ಷ ಲ್ಯಾಮಿನೇಷನ್ ಮಾಡಿಸಿದ್ದು ಅಂಗಡಿ ಕಂಪ್ಯೂಟರ್‌ದಾಗ ಹಂಗ ಇತ್ತು, ಹುಡುಕಿ ಮತ್ತ ತಗದು ಕೊಟ್ರು ಅಂತಾ ಹೇಳಿದಳು. ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ, ಆಟೋ ಹಿಡಿದು ಮಧ್ಯಾಹ್ನ 2-10ಕ್ಕೆ ಸಿಂಧನೂರಿನ ಅದೇ ಝೆರಾಕ್ಸ್ ಅಂಗಡಿಗೆ ಹೋದೆನು. ಯಂಕೋಬನಿಗೆ ತಾರೀಖು ಹೇಳಿದೆ. ಮೂರು ನಿಮಿಷದಲ್ಲಿ ಸಿಕ್ಕಿತು. ಯಾರ ಯಾರದೋ ಆಧಾರ್ ಕಾರ್ಡುಗಳ ನಡುವೆ ನನ್ನ ಗಂಡನ ಕೈಬರಹ ಇತ್ತು. ಇನ್ನೊಂದು ಪ್ರಿಂಟ್ ಬೇಕೇನ್ರಿ ಅಂತಾ ಅವನು ಕೇಳಿದನು. ಆ ಕಂಪ್ಯೂಟರಿನ ಮುಂದೆ ಅಂಗಡಿಯ ನಾಲ್ವರು ಕೂರುತ್ತಾರೆ. ಬಂದ ಗಿರಾಕಿಗಳೂ ತಮ್ಮ ಪೆನ್‌ಡ್ರೈವ್ ಹಾಕಿಕೊಳ್ಳುತ್ತಾರೆ. ಯಾರು ತೆಗೆದುಕೊಂಡರೋ ನನಗೆ ಗೊತ್ತಿಲ್ಲ. ಇನ್ನೊಬ್ಬರ ಹೆಸರು ಹೇಳುವ ಮುಖ ನನಗೆ ಉಳಿದಿಲ್ಲ.

ಇದನ್ನು ತಿಳಿದ ಮೇಲೆಯೂ ಆರು ದಿನ ಬಾಯಿ ಬಿಡಲಿಲ್ಲ. ಗಂಡನಿಗೆ ಅಂಜಿದೆನು, ಊರಿಗೆ ಅಂಜಿದೆನು. ನನ್ನ ಬಗ್ಗೆ ನನಗೇ ಅಸಹ್ಯವಾಗಿದೆ. ಪ್ರತಿ ದೀಪಾವಳಿಗೆ ನಾನು ದುರುಗೇಶನಿಗೆ ಆರತಿ ಮಾಡುತ್ತಿದ್ದೆನು. ಈ ವರ್ಷ ನಿನ್ನೆ ನನ್ನ ತಾಯಿ ಹೋಳಿಗೆ ಕಟ್ಟಿಕೊಂಡು ಜೈಲಿಗೆ ಹೋಗಿದ್ದಳು. ಅಕ್ಕ ಏನಂತ ಬರಿಸ್ಯಾಳ ಅಂತಾ ಅವನು ಕೇಳಿದನಂತೆ. ಮೂರು ಮಂದಿ ಬಿಟ್ರ ಯಾರಿಗೂ ಗೊತ್ತಿಲ್ಲ ಅಂತ ಬರಿಸ್ಯಾಳಪಾ ಅಂತಾ ತಾಯಿ ಹೇಳಿದಳಂತೆ. ಅವನು ಬುತ್ತಿಯನ್ನು ತೆರೆಯದೆ ತಿರುಗಿ ಕೊಟ್ಟಿದ್ದಾನೆ. ತಾಯಿ ಅದನ್ನು ತಂದು ನನ್ನ ಮುಂದೆ ಇಟ್ಟಳು.

ಲ್ಯಾಮಿನೇಷನ್ ಮಾಡಿದ ಹಾಳೆಯನ್ನು ಈಗ ಹಾಜರುಪಡಿಸಿದ್ದೇನೆ. ನನ್ನ ಗಂಡ ಠಾಣೆಯ ಹೊರಗೆ ಬೈಕಿನ ಮೇಲೆ ಕುಳಿತಿದ್ದಾರೆ. ತಮ್ಮನ ವಿರುದ್ಧ ಇನ್ನೊಂದು ಮಾತು ಬರೆಸುವುದಿದೆ ಎಂದು ನಾನು ಹೇಳಿದ್ದರಿಂದ ಅವರೇ ಕರೆತಂದಿದ್ದಾರೆ. ಅವರಿಗೆ ನಾನೇ ಹೋಗಿ ಹೇಳುತ್ತೇನೆ.

ಮೇಲೆ ಬರೆದದ್ದು ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಇದನ್ನು ನನಗೆ ಓದಿ ಹೇಳಲು ಬಂದಾಗ ಬೇಡವೆಂದಿದ್ದೇನೆ. ಇದನ್ನು ಲಿಂಗಸುಗೂರಿಗೆ ಒಯ್ದು ನನ್ನ ತಮ್ಮನಿಗೆ ಓದಿ ಹೇಳಬೇಕು. ಸರಿ ಇದೆಯೋ ಇಲ್ಲವೋ ಅವನು ಹೇಳಲಿ.

ಸ್ಥಳ: ಸಿಂಧನೂರು
ದಿನಾಂಕ: 23-10-2025

ಸಹಿ/-
ಗಂಗಾದೇವಿ, ದುರುಗೇಶನ ಅಕ್ಕ