ನಿಝಾರ್ ಇಟ್ಟುಹೋದ ಕೋಲು

ಇದು ಎಲ್ಲಿಯದೋ ಯಾರದೋ ಕತೆ ಅಲ್ಲ. ನನ್ನ ಚಿಕ್ಕಮ್ಮನ ಮಗ ರಂಜಿತ್ ಉಂಟಲ್ಲ, ವಗ್ಗದವ, ಬಿ.ಸಿ.ರೋಡಿನಲ್ಲಿ ಮಿಕ್ಸಿ ರಿಪೇರಿಗೆ ಇದ್ದವ... ಅವನಿಗೆ ಆದದ್ದು. 2003ನೇ ಇಸವಿ, ನವರಾತ್ರಿ ಕಳೆದ ಮೇಲಿನ ವಾರ. ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ನಕ್ಕರೆ ನಾನು ಅಲ್ಲಿಗೇ ಬಿಟ್ಟು ಎದ್ದು ಹೋಗ್ತೇನೆ.

ಆ ದಿನ ಅವನು ಕೊನೆಯ ಬಸ್ಸಿನಲ್ಲಿ ಬಂದು ವಗ್ಗದಲ್ಲಿ ಇಳಿದ. ಮನೆಗೆ ಒಳದಾರಿಯಲ್ಲಿ ಇಪ್ಪತ್ತು ನಿಮಿಷ ನಡೆಯಬೇಕು. ಅರ್ಧ ದಾರಿಯಲ್ಲಿ ಒಂದು ಹಳೆ ಬಾವಿ, ಕೆಂಪುಕಲ್ಲಿನ ಕಟ್ಟೆ, ಈಗ ಯಾರೂ ನೀರು ಸೇದುವುದಿಲ್ಲ. ಅವನ ಹೆಗಲಲ್ಲಿ ಒಂದು ಉದ್ದದ ಕಪ್ಪು ಚೀಲ. ಅದರೊಳಗೆ ಪೂಲ್ ಆಡುವ ಕೋಲು, ಟೇಬಲಿನ ಮೇಲೆ ಬಾಲ್ ಹೊಡೆದು ಪಾಕೆಟಿಗೆ ಬೀಳಿಸ್ತಾರಲ್ಲ, ಆ ಆಟದ್ದು, ಎರಡು ತುಂಡಾಗಿ ಬಿಚ್ಚಿ ಇಟ್ಟದ್ದು. ಆರು ಆಟ ಆಡಿ ಆರನ್ನೂ ಗೆದ್ದು ಬಂದಿದ್ದ. ಆದರೆ ಖುಷಿ ಇರಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೇನೆ.

ಬಾವಿಯ ಹತ್ತಿರ ಬಂದಾಗ...

ಕಿರ್ಚ್... ಕಿರ್ಚ್... ಕಿರ್ಚ್.

ನಿಂತ. ಶಬ್ದವೂ ನಿಂತಿತು. ನಾಲ್ಕು ಹೆಜ್ಜೆ ಇಟ್ಟ. ಕಿರ್ಚ್... ಕಿರ್ಚ್. ಪೂಲ್ ಆಡಿದವರಿಗೆ ಈ ಶಬ್ದ ಗೊತ್ತಿರ್ತದೆ. ಕೋಲಿನ ತುದಿಯಲ್ಲಿ ಚರ್ಮದ ಸಣ್ಣ ಬಿಲ್ಲೆ ಉಂಟು, ಟಿಪ್ ಅಂತ ಹೇಳ್ತಾರೆ. ಹೊಡೆಯುವ ಮೊದಲು ಅದಕ್ಕೆ ನೀಲಿ ಚಾಕ್ ಉಜ್ಜಬೇಕು. ಇದು ಆ ಉಜ್ಜುವ ಶಬ್ದ. ಬರ್ತಿದ್ದದ್ದು ಬಾವಿಯಿಂದ ಅಲ್ಲ... ಹಿಂದಿನಿಂದಲೂ ಅಲ್ಲ... ಅವನ ಹೆಗಲಲ್ಲಿದ್ದ ಚೀಲದಿಂದ. ಜಿಪ್ ಹಾಕಿದ ಚೀಲದ ಒಳಗಿನಿಂದ.

ಅಬ್ಬಬ್ಬ, ಓಡಿದ ನೋಡಿ. ಜಗಲಿಗೆ ಮುಟ್ಟುವಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

ಆ ಕೋಲು ಅವನದ್ದಲ್ಲ. ಅದನ್ನು ಮೊದಲೇ ಹೇಳಬೇಕಿತ್ತು. ಅದು ನಿಝಾರನದ್ದು. ಪುಂಜಾಲಕಟ್ಟೆಯ ಇದಿನಬ್ಬ ಬ್ಯಾರಿಗಳ ಒಬ್ಬನೇ ಮಗ, ಮಸ್ಕತ್ತಿನಲ್ಲಿದ್ದವ. ರಜೆಗೆ ಬರುವಾಗ ಅಲ್ಲಿಂದ ತಂದದ್ದು. ಬಿ.ಸಿ.ರೋಡಿನ ಒಂದು ಕಟ್ಟಡದ ಅಡಿಯಲ್ಲಿ ಅಬ್ದುಲ್ ಶುಕೂರ್ ಅನ್ನುವವರ, ಹುಡುಗರಿಗೆಲ್ಲ ಶುಕೂರಾಕ, ಪೂಲ್ ಪಾರ್ಲರ್ ಇತ್ತು, ನಿಝಾರನಿಗೂ ರಂಜಿತನಿಗೂ ದೋಸ್ತಿ ಆದದ್ದು ಅಲ್ಲಿಯೇ. ನಿಝಾರ್ ಎಡಗೈಯವ. ಅವನ ಆಟ ನೋಡಲಿಕ್ಕೇ ಜನ ನಿಲ್ತಿದ್ದರು. ರಂಜಿತ್ ಬಲಗೈಯವ, ಆಟ ಅಷ್ಟಕ್ಕಷ್ಟೆ. ಜೂನ್ ತಿಂಗಳ ಒಂದು ಸಂಜೆ, ಮೋಡ ಕಟ್ಟಿತ್ತು. ನಿಝಾರ್ ಬೈಕ್ ಹತ್ತಿದವ ಚೀಲವನ್ನು ತೆಗೆದು ರಂಜಿತನ ಕೈಗೆ ಕೊಟ್ಟ.

“ಇದು ಒದ್ದೆ ಆಗ್ತದೆ. ನಿನ್ನ ಅಂಗಡಿಯಲ್ಲಿ ಇರಲಿ. ನಾಳೆ ತೆಕ್ಕೊಳ್ತೇನೆ.”

“ನಾಳೆ ನಾನು ಕೊಡದಿದ್ದರೆ?”

“ಅಮಾನತ್ ಮಾರಾಯ. ಕೊಡದೆ ಎಲ್ಲಿಗೆ ಹೋಗ್ತಿ?” ಅಂತ ನಕ್ಕ.

ಅಮಾನತ್ ಅಂದರೆ ನಂಬಿ ಕೈಗೆ ಒಪ್ಪಿಸಿದ ವಸ್ತು, ಹಾಗೆಯೇ ತಿರುಗಿ ಒಪ್ಪಿಸಬೇಕಾದದ್ದು. ಆ ರಾತ್ರಿಯೇ ಬೈಕ್ ಜಾರಿತು. ನಿಝಾರ್ ಮನೆಗೆ ಮುಟ್ಟಲಿಲ್ಲ.

ಮರುದಿನ ರಂಜಿತ್ ಪುಂಜಾಲಕಟ್ಟೆಗೆ ಹೋದ. ಮನೆಯ ಒಳಗೆ ಕಾಲಿಟ್ಟವ ಅಲ್ಲ, ಅಂಗಳದಲ್ಲಿ ಜನರ ನಡುವೆ ನಿಂತವ. ಮಯ್ಯತ್, ಅಂದರೆ ಹೆಣ, ಎತ್ತುವ ಮೊದಲು ಮನೆಯ ಹಿರಿಯರು ಬಂದವರ ಹತ್ರ ಕೇಳುವ ಒಂದು ಕ್ರಮ ಅವರಲ್ಲಿ ಉಂಟು. ಇದಿನಬ್ಬ ಕೇಳಿದರು. “ನನ್ನ ಮಗ ಯಾರಿಗಾದರೂ ಏನಾದರೂ ಕೊಡಲಿಕ್ಕಿದ್ದರೆ ನನ್ನ ಹತ್ರ ಹೇಳಿ. ಅವನದ್ದು ಏನಾದರೂ ಯಾರ ಕೈಯಲ್ಲಾದರೂ ಇದ್ದರೆ ಅದನ್ನೂ ಹೇಳಿ...”

ರಂಜಿತ್ ಬಾಯಿ ತೆರೆಯಲಿಲ್ಲ. ದುಃಖದಲ್ಲಿ ಅಲ್ಲ. ನನ್ನ ತಮ್ಮನೇ ಆದರೂ ಸುಳ್ಳು ಯಾಕೆ ಹೇಳುವುದು, ಆಸೆಯಲ್ಲಿ. ಅಂಥ ಕೋಲು ಇಡೀ ಬಂಟ್ವಾಳದಲ್ಲಿ ಇನ್ನೊಂದು ಇರಲಿಲ್ಲ. ಶುಕೂರಾಕ ಕೇಳಿದಾಗ “ಮನೆಯವರು ನನಗೇ ಇಟ್ಟುಕೊಳ್ಳಲಿಕ್ಕೆ ಹೇಳಿದ್ದಾರೆ” ಅಂತ ಹೇಳಿಬಿಟ್ಟ.

ಎರಡು ತಿಂಗಳು ಚೀಲ ಅಂಗಡಿಯ ಗೋಡೆಗೆ ಒರಗಿಯೇ ಇತ್ತು. ಆಗಸ್ಟಿನಲ್ಲಿ ತೆಗೆದು ಆಡಿದ. ಗೆದ್ದ. ಮರುದಿನವೂ ಗೆದ್ದ. ಅವನಿಗೆ ಗೊತ್ತೇ ಇಲ್ಲದ ಹೊಡೆತಗಳೆಲ್ಲ ಬರಲಿಕ್ಕೆ ಶುರುವಾಯ್ತು. ಒಂದು ವಾರ ಕಳೆದ ಮೇಲೆ ಯಾರೋ ಕೇಳಿದರು, “ನೀನು ಎಡಗೈಯಲ್ಲಿ ಆಡಲಿಕ್ಕೆ ಯಾವಾಗ ಕಲಿತದ್ದು?” ಆಗ ಅವನು ತನ್ನ ಕೈಯನ್ನೇ ನೋಡಿಕೊಂಡ. ಕೋಲು ಎಡಗೈಯಲ್ಲಿತ್ತು. ಬಲಗೈಗೆ ತೆಕ್ಕೊಂಡು ಹೊಡೆದ, ಬಿಳಿ ಬಾಲ್ ಟೇಬಲಿನಿಂದಲೇ ಹಾರಿ ಕೆಳಗೆ ಬಿತ್ತು.

ಅಷ್ಟಕ್ಕೇ ನಿಂತಿದ್ದರೆ ಆಗ್ತಿತ್ತು. ಒಂದು ಬೆಳಿಗ್ಗೆ ನನ್ನ ಚಿಕ್ಕಮ್ಮ, ಕಾಂತಿ ಅಂತ ಅವರ ಹೆಸರು, ಚಾ ಕೊಡಲಿಕ್ಕೆ ಬಂದವರು ಅಲ್ಲೇ ನಿಂತರು.

“ಇದೆಂತ, ಲುಂಗಿ ಎಡಕ್ಕೆ ಕಟ್ಟಿದ್ದಿ? ನಿನ್ನೊಟ್ಟಿಗೆ ಬರ್ತಿದ್ದ ಆ ತೀರಿಹೋದ ಹುಡುಗ ಕಟ್ಟುವ ಹಾಗೆ?”

“ಸುಮ್ಮನೆ ಅಮ್ಮ... ಗಡಿಬಿಡಿಯಲ್ಲಿ.”

ಗಡಿಬಿಡಿ ಅಂತೆ! ಕಟ್ಟಿದ್ದೇ ಅವನಿಗೆ ಗೊತ್ತಿರಲಿಲ್ಲ.

ಇನ್ನು ಅಂಗಡಿ. ರಂಜಿತನ ಅನ್ನ ಇದ್ದದ್ದು ಅವನ ಬಲಗೈಯಲ್ಲಿ. ಸುಟ್ಟುಹೋದ ಮಿಕ್ಸಿಯ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ, ಕೈ ತಪ್ಪಿದರೆ ಎಲ್ಲ ಹಾಳು. ಸೆಪ್ಟೆಂಬರಿನಲ್ಲಿ ಒಂದು ಮಿಕ್ಸಿ ವಾಪಸ್ ಬಂತು. ಉಲ್ಟಾ ತಿರುಗ್ತದೆ ಅಂತ. ಆಮೇಲೆ ಇನ್ನೊಂದು. ಬಿಚ್ಚಿ ನೋಡಿದರೆ ತಂತಿ ಅಚ್ಚುಕಟ್ಟಾಗಿಯೇ ಉಂಟು, ಸುತ್ತಿದ್ದು ಮಾತ್ರ ಎಡಗೈಯವರು ಸುತ್ತುವ ಹಾಗೆ, ತಿರುಗುಮುರುಗು. ಬಲಗೈಗೆ ಜೋಮು ಹಿಡಿದದ್ದು ಬಿಡ್ತಿರಲಿಲ್ಲ, ತಂತಿಯ ತುದಿ ಹಿಡಿಯಲಿಕ್ಕೂ ಆಗ್ತಿರಲಿಲ್ಲ. ಅಂಗಡಿಯ ಧಣಿ ಲೋಕನಾಥಣ್ಣ ಹೇಳಿಯೇಬಿಟ್ಟರು, “ಇನ್ನೊಂದು ಮಿಕ್ಸಿ ಹೀಗೆ ಬಂದರೆ ನೀನು ಬರುವುದು ಬೇಡ.” ತನ್ನ ಕೈ ತನ್ನದಲ್ಲದ ಹಾಗೆ ಆಗ್ತಾ ಉಂಟು ಅಂತ ರಂಜಿತನಿಗೆ ಹೆದರಿಕೆ ಹಿಡಿಯಿತು. ಆದರೂ ಸಂಜೆ ಆರು ಆದರೆ ಕಾಲು ಪಾರ್ಲರಿಗೇ ಎಳೀತಿತ್ತು. ಇಷ್ಟೆಲ್ಲ ಆದ ಮೇಲೆ ಬಾವಿಯ ಹತ್ತಿರದ ಆ ಶಬ್ದ.

ಮರುದಿನ ಶುಕ್ರವಾರ. ಹೊತ್ತು ಮಧ್ಯಾಹ್ನ ಹನ್ನೆರಡು ಆಗಿರಬೇಕು, ಶುಕೂರಾಕನ ಹತ್ರ ಹೋಗಿ ಚೀಲ ಇಟ್ಟ.

“ಶುಕೂರಾಕ, ಇದನ್ನು ಇಟ್ಟುಕೊಳ್ಳುವುದಾ, ಬದಲಿಸುವುದಾ? ನೀವೇ ಹೇಳಿ.”

ಅವರು ಎರಡು ತುಂಡನ್ನು ತಿರುಗಿಸಿ ಸೇರಿಸಿದರು. ಟೇಬಲಿನ ಮೇಲೆ ಮಲಗಿಸಿ ಅಂಗೈಯಿಂದ ಮೆಲ್ಲ ಉರುಳಿಸಿದರು. ಟಕ್... ಟಕ್... ಟಕ್... ತುದಿ ಎದ್ದು ಎದ್ದು ಬೀಳ್ತಿತ್ತು.

“ಬಾಗಿದೆ. ಮಳೆಗಾಲ ಇಡೀ ಗೋಡೆಗೆ ಒರಗಿಸಿ ಇಟ್ಟರೆ ಬಾಗದೆ ಇರ್ತದಾ? ನೋಡು, ಟಿಪ್ ಸವೆದರೆ ಟಿಪ್ ಬದಲಿಸುವ. ಜಾಯಿಂಟ್ ಸಡಿಲ ಆದರೆ ಬಿಗಿ ಮಾಡುವ. ಮರ ಬಾಗಿದರೆ ಮಾತ್ರ ಮದ್ದಿಲ್ಲ, ಬಿಡುವುದೇ.” ಆಮೇಲೆ ಸ್ವರ ಸಣ್ಣ ಮಾಡಿದರು. “ಆದರೆ ರಂಜಿತ್... ಇದರಲ್ಲಿ ನೇರ ಹೊಡೆಯಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಮತ್ತೆ ನೀನು ಹೇಗೆ ಗೆಲ್ತಿ?”

ರಂಜಿತ್ ಎಡಗೈಯನ್ನು ಬೆನ್ನ ಹಿಂದೆ ಇಟ್ಟ.

ಶುಕೂರಾಕ ಒಂದು ಹೊಸ ಕೋಲು ತೆಗೆದು ಅವನ ಬಲಗೈಗೆ ಕೊಟ್ಟರು. “ಇದರಲ್ಲಿ ಅಭ್ಯಾಸ ಮಾಡು. ನಾನು ಜುಮಾ ನಮಾಜ್ ಮುಗಿಸಿ ಬರ್ತೇನೆ. ಶಟರ್ ಎಳೆದು ಬೀಗ ಹಾಕ್ತೇನೆ, ಇಲ್ಲದಿದ್ದರೆ ಜನ ನುಗ್ತಾರೆ.” ಶುಕ್ರವಾರ ಆ ಹೊತ್ತಿಗೆ ಶಟರ್ ಎಳೆಯುವುದು ಅವರ ಕ್ರಮ. ಘರ್‌ರ್‌ರ್... ಅಂತ ಶಟರ್ ಇಳಿಯಿತು. ಹೊರಗಿನಿಂದ ಬೀಗದ ಕ್ಲಿಕ್. ಆ ಪಾರ್ಲರಿಗೆ ಕಿಟಕಿ ಇಲ್ಲ ಗೊತ್ತುಂಟಾ. ಒಂದೇ ಟ್ಯೂಬ್‌ಲೈಟ್, ಒಂದೇ ಬಾಗಿಲು.

ಹಳೆ ಕೋಲನ್ನು ಮೂಲೆಯಲ್ಲಿ ನಿಲ್ಲಿಸಿ ಇವನು ಬಾಗಿ ಗುರಿ ಹಿಡಿದ. ಹೊಡೆದ, ತಪ್ಪಿತು. ಇನ್ನೊಂದು, ತಪ್ಪಿತು.

ಕಿರ್ಚ್... ಕಿರ್ಚ್...

ಮೂಲೆಯಿಂದ. ತಿರುಗಿ ನೋಡಿದರೆ ಕೋಲು ಇದ್ದಲ್ಲೇ ಉಂಟು. ಚಾಕ್ ಟೇಬಲಿನ ಅಂಚಿನಲ್ಲಿ ಉಂಟು. ಕೋಲಿನ ಟಿಪ್ ಮಾತ್ರ ಈಗಷ್ಟೇ ಉಜ್ಜಿದ ಹಾಗೆ ನೀಲಿ.

ಓಡಿ ಶಟರಿಗೆ ಬಡಿದ. ಧಡ್, ಧಡ್, ಧಡ್. “ಶುಕೂರಾಕ! ಯಾರಾದರೂ ತೆಗೆಯಿರಿ ಮಾರಾಯ್ರೆ!” ಮೇಲೆ ಬಸ್ಸುಗಳ ಹಾರ್ನ್, ಕಂಡಕ್ಟರುಗಳ ಬೊಬ್ಬೆ, ಯಾರಿಗೆ ಕೇಳ್ತದೆ? ಅಲ್ಲೇ ಶಟರಿಗೆ ಬೆನ್ನು ಕೊಟ್ಟು ಕುಕ್ಕುರು ಕೂತ. ಕಣ್ಣು ಮುಚ್ಚಿದ. ಆಗ ಟಕ್... ಅಂತ ಹೊಡೆತ. ಸರ್‌ರ್‌ರ್ ಅಂತ ಬಟ್ಟೆಯ ಮೇಲೆ ಬಾಲ್ ಓಡುವುದು. ದುಡುಂ ಅಂತ ಪಾಕೆಟಿಗೆ ಬೀಳುವುದು. ಒಂದು. ಎರಡು. ಮೂರು. ಒಂದೂ ತಪ್ಪಲಿಲ್ಲ. ಅವನು ಕೂತಲ್ಲೇ ಕೂತು ಎಣಿಸ್ತಾ ಇದ್ದ, ಬೇರೆ ಎಂತ ಮಾಡುವುದು?

ಎರಡು ಗಂಟೆಗೆ ಶುಕೂರಾಕ ಶಟರ್ ಎತ್ತಿದರು. ರಂಜಿತ್ ಶಟರಿನ ಹತ್ರ ಇರಲಿಲ್ಲ. ಟೇಬಲಿನ ಆಚೆ ಬದಿಯಲ್ಲಿ ನಿಂತಿದ್ದ, ಮೈಯಿಡೀ ಬೆವರು. ಹೊಸ ಕೋಲು ಗೋಡೆಯ ಸ್ಟ್ಯಾಂಡಿನಲ್ಲಿತ್ತು. ನಿಝಾರನ ಕೋಲು ಅವನ ಎಡಗೈಯಲ್ಲಿತ್ತು. ಟೇಬಲಿನಲ್ಲಿ ಬಿಳಿ ಬಾಲ್ ಒಂದೇ ಉಳಿದಿತ್ತು.

ಶುಕೂರಾಕ ಶಟರ್ ಅರ್ಧ ಇಳಿಸಿ ಹತ್ರ ಬಂದರು. “ನಿಜ ಹೇಳು. ಇದನ್ನು ಆ ಮನೆಯವರು ಕೊಟ್ಟದ್ದಾ?”

“ಅಲ್ಲ.”

“ಹಾಗಾದರೆ ಇಟ್ಟುಕೊಳ್ಳುವ ಬದಲಿಸುವ ಮಾತೇ ಇಲ್ಲ. ಅವರಿಗೆ ಮುಟ್ಟಿಸು. ಇವತ್ತೇ.”

ಆದರೆ ಯಾವ ಮುಖ ಹೊತ್ತು ಹೋಗುವುದು? ಮಗ ಸತ್ತು ಮಲಗಿದ್ದಾಗ ಆ ತಂದೆ ಕೇಳಿದರೂ ಹೇಳದೆ ನಿಂತವ ಇವನು. ನಾಚಿಕೆ ಆಯ್ತು. ಸುಲಭದ ದಾರಿ ಹಿಡಿದ. ಆ ಸಂಜೆ ಕತ್ತಲಾಗುವಾಗ ಬಾವಿಕಟ್ಟೆಗೆ ಬಂದು, ಚೀಲವನ್ನು ನೀರಿನ ಮೇಲೆ ಹಿಡಿದ. ಬಿಡಬೇಕು, ಅಷ್ಟೆ. ಎಡಗೈಯ ಬೆರಳು ಬಿಡಲಿಲ್ಲ. ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಲಿಕ್ಕೆ ನೋಡಿದ... ಬಲಗೈಯಲ್ಲಿ ಶಕ್ತಿಯೇ ಇಲ್ಲ. ಕಿವಿಯ ಹತ್ರ ಯಾರೋ ತುಂಬ ಮೆಲ್ಲಗೆ ಹೇಳಿದರು.

“ನಾಳೆ ತೆಕ್ಕೊಳ್ತೇನೆ.”

ಅವನು ಅಳ್ತಾ ಮನೆಗೆ ಬಂದ. ಗಂಡಸು ಅತ್ತ ಅಂತ ಹೇಳಲಿಕ್ಕೆ ನನಗೆ ಸಂಕೋಚ ಇಲ್ಲ, ನೀವಾದರೂ ಅಳ್ತಿದ್ದಿರಿ.

ಶನಿವಾರ ಸಂಜೆ ಪುಂಜಾಲಕಟ್ಟೆಗೆ ಹೋದ. ಇದಿನಬ್ಬ ಮಸೀದಿಗೆ ಹೋಗಿದ್ದರು. ನಿಝಾರನ ತಾಯಿ ಝೈನಬಕ್ಕ ಒಬ್ಬರೇ ಇದ್ದದ್ದು. ಒಳಗೆ ಕರೆದು ಕೂರಿಸಿದರು. ಇವನು ತಲೆ ತಗ್ಗಿಸಿ ಎಲ್ಲ ಹೇಳಿದ, ಜೂನಿನ ಸಂಜೆಯದ್ದು, ಅಂಗಳದಲ್ಲಿ ಸುಮ್ಮನೆ ನಿಂತದ್ದು, ಶುಕೂರಾಕನಿಗೆ ಸುಳ್ಳು ಹೇಳಿದ್ದು. ಶಬ್ದದ ವಿಷಯ, ಕೈಯ ವಿಷಯ ಹೇಳಲಿಲ್ಲ. ಹೆತ್ತ ತಾಯಿಯ ಹತ್ರ ಅದನ್ನು ಹೇಗೆ ಹೇಳುವುದು? ಎರಡು ಕೈಯಲ್ಲಿ ಚೀಲ ಹಿಡಿದು ಅವರ ಮುಂದೆ ಇಟ್ಟ.

ಅವರು ಬೈಯಲಿಲ್ಲ. ಜಿಪ್ ತೆಗೆದು ಕೋಲನ್ನು ಉದ್ದಕ್ಕೂ ಸವರಿದರು. “ಹಲಾಲ್ ಮಾಡಿದೆ ಮಗ, ಎಲ್ಲ ಮನ್ನಿಸಿದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.” ಎದ್ದು ಹೋಗಿ ನೀರು ತಂದರು. ಇವನು ಲೋಟ ಹಿಡಿದದ್ದನ್ನು ನೋಡಿದರು. ಕುಡಿದು ಮುಗಿಸುವವರೆಗೂ ನೋಡಿದರು. ಕೂತ ಭಂಗಿ ನೋಡಿದರು, ಲುಂಗಿ ನೋಡಿದರು. ಮುಖದಲ್ಲಿ ಮೆಲ್ಲಮೆಲ್ಲ ಒಂದು ನಗು ಬಂತು... ಅವನಿಗೆ ಬಾವಿಯ ಹತ್ರ ಆದದ್ದಕ್ಕಿಂತ ಹೆಚ್ಚು ಹೆದರಿಕೆ ಆದದ್ದು ಆ ನಗು ನೋಡಿ.

ಚೀಲದ ಜಿಪ್ ಹಾಕಿ ತಿರುಗಿ ಅವನ ಮಡಿಲಿಗೆ ಇಟ್ಟರು.

“ಇದು ನಿನ್ನ ಹತ್ರವೇ ಇರಲಿ.”

“ನನಗೆ ಬೇಡ ಝೈನಬಕ್ಕ... ನಾನು ಹೊಸದು ತೆಕ್ಕೊಳ್ತೇನೆ.”

“ಬೇಡ. ಹೊಸದು ತೆಕ್ಕೊಳ್ಳಬೇಡ.” ಅವನ ಎಡಗೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡರು. “ಶನಿವಾರ ಶನಿವಾರ ಬಾ. ಇದನ್ನು ತೆಕ್ಕೊಂಡೇ ಬಾ. ಇಲ್ಲಿ ಊಟ ಮಾಡಿ ಹೋಗು. ಅಷ್ಟಾದರೂ ಮಾಡ್ತಿಯಲ್ಲಾ?”

ಕದ್ದು ಇಟ್ಟುಕೊಂಡ ವಸ್ತುವನ್ನು ತಿರುಗಿ ಕೊಡಬಹುದು. ಹೀಗೆ ಕೈ ಹಿಡಿದು ಕೊಟ್ಟದ್ದನ್ನು ಎಲ್ಲಿಗೆ ಕೊಂಡುಹೋಗಿ ಕೊಡುವುದು? ಆ ತಾಯಿಯ ಕಣ್ಣು ನೋಡಿ ಇಲ್ಲ ಅನ್ನಲಿಕ್ಕೆ ನನ್ನಿಂದಲೂ ಆಗ್ತಿರಲಿಲ್ಲ. “ಬರ್ತೇನೆ” ಅಂದ. ಬಲಗೈಯ ಆಸೆ ಅವನು ಅಲ್ಲಿಗೇ ಬಿಟ್ಟದ್ದು. ಆಮೇಲೆ ಮಿಕ್ಸಿಯ ಕೆಲಸವೂ ಹೋಯ್ತು, ಈಗ ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಬಸ್ಸಿಗೆ ಹತ್ತಿಸುವ ಏಜೆಂಟ್ ಆಗಿದ್ದಾನೆ.

ಆದರೆ ಅವನು ನನಗೆ ಹೇಳಿದ್ದರಲ್ಲಿ ನನಗೆ ಇಂದಿಗೂ ಮರೆಯಲಿಕ್ಕಾಗದ್ದು ಆ ಮೊದಲ ಶನಿವಾರದ, ಅದೇ ರಾತ್ರಿಯ ಊಟ. ಝೈನಬಕ್ಕ ಬಡಿಸ್ತಾ ಇದ್ದರು, ಫಕ್ಕನೆ ಕರೆಂಟು ಹೋಯ್ತು. ಕುರುಡುಗತ್ತಲು. ರಂಜಿತ್ ಎದ್ದ. ಆ ದಿನದವರೆಗೆ ಆ ಮನೆಯ ಒಳಗೆ ಬಂದವನೇ ಅಲ್ಲ, ನೆನಪಿರಲಿ. ಎಲ್ಲಿಯೂ ತಾಗದೆ, ತಡವದೆ ಅಡಿಗೆಕೋಣೆ ದಾಟಿ ಹಿಂದಿನ ಚಾವಡಿಗೆ ಹೋದ, ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ಚಿಮಿಣಿ ದೀಪ ತೆಗೆದ. ಆಗ ಒಳಗಿನ ಕತ್ತಲಿನಿಂದ ಝೈನಬಕ್ಕನ ಸ್ವರ ಬಂತು. ಅಷ್ಟು ಹೊತ್ತು ತುಳುವಿನಲ್ಲಿ ಮಾತಾಡಿದವರು ಈಗ ಬ್ಯಾರಿ ಭಾಷೆಯಲ್ಲಿ, ಮನೆಮಕ್ಕಳಿಗೆ ಹೇಳುವ ಹಾಗೆ ಹೇಳಿದರು.

“ಅದರಲ್ಲಿ ಎಣ್ಣೆ ಇಲ್ಲ. ಇನ್ನೊಂದು ತಾ.”

ಇನ್ನೊಂದು ಎಲ್ಲಿ ಉಂಟು ಅಂತ ಅವನು ಕೇಳಲಿಲ್ಲ. ತಂದ.

ಆದದ್ದು ಇಷ್ಟು. ಒಂದು ಮಾತೂ ಸೇರಿಸಿ ಹೇಳಿದ್ದಲ್ಲ. ನಂಬದವರು ವಗ್ಗಕ್ಕೆ ಹೋಗಿ ರಂಜಿತನನ್ನೇ ಕೇಳಿ, ವಾರದ ಎಲ್ಲ ದಿನ ಸಿಕ್ತಾನೆ. ಶನಿವಾರ ಮಾತ್ರ ಮನೆಯಲ್ಲಿ ಇರುವುದಿಲ್ಲ.